ವೈದ್ಯಮಂಡಳಿಯ ಮಾತಿಗೆ ಕಾರಣವೆಲ್ಲಿ?

ಸೇವೆಯಲ್ಲಿದ್ದಾಗ ದೇಹ ಕೆಟ್ಟಿತೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಸೇವೆಯಿಂದ ಕೆಟ್ಟಿತೆಂದರೆ ಒಪ್ಪುವವರಿಲ್ಲ. ಅಂಗವೈಕಲ್ಯ ಪಿಂಚಣಿ ನಿರಾಕೃತವಾಗಿ ಶಿಕಾರಿಪುರ, ಸೊರಬಗಳ ಹಳ್ಳಿಗೆ ಮರಳಿದ ಸೈನಿಕನು ಮೇಲ್ಮನವಿಯಲ್ಲಿ ಎದುರಿಸಬೇಕಾದದ್ದು ಒಂದೇ ಸಾಲಿನ ಅಭಿಪ್ರಾಯವನ್ನು. ಅದಕ್ಕೆ ಉತ್ತರ, ಕಾರಣಸಹಿತವಾಗಿ ಬರೆದ ಒಂದು ಹಾಳೆ!

ಆಷಾಢದ ಜಡಿಮಳೆಯು ಶಿರಾಳಕೊಪ್ಪದ ಸುತ್ತಣ ಗೋವಿನಜೋಳದ ಹೊಲಗಳ ಮೇಲೆ ಬಿಡುವಿಲ್ಲದೆ ಸುರಿಯುತ್ತಿರುವ ದಿನಗಳಲ್ಲಿ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯದ ಆವರಣಕ್ಕೆ ಹೋಗಿ ನಿಂತರೆ, ಬೇಸಿಗೆಯಲ್ಲಿ ಧೂಳು ಮುಸುಕಿ ಅಸ್ಪಷ್ಟವಾಗಿ ತೋರುತ್ತಿದ್ದ ವೀರಗಲ್ಲುಗಳು ತೊಯ್ದು, ಕಪ್ಪಾಗಿ, ತಮ್ಮ ಮೈಮೇಲಿನ ಒಂದೊಂದು ರೇಖೆಯನ್ನೂ ಎತ್ತಿ ತೋರಿಸುತ್ತವೆ. ಕೆಳಗಣ ಪಟ್ಟಿಕೆಯಲ್ಲಿ ಕತ್ತಿ ಗುರಾಣಿಗಳ ಕಾಳಗ. ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರ ತೋಳುಗಳನ್ನಾತು ಸ್ವರ್ಗಕ್ಕೇರುತ್ತಿರುವ ವೀರ. ಮೇಲಣದರಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅದೇ ವೀರ.

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿರುವಷ್ಟು ದಟ್ಟವಾಗಿ ವೀರಗಲ್ಲುಗಳು ನೆಟ್ಟಿರುವ ಸೀಮೆ ಕನ್ನಡನಾಡಿನಲ್ಲಿ ವಿರಳ. ಬಿ. ಎಲ್. ರೈಸ್ ಸಾಹೇಬರು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳನ್ನೂ ಎಂಟನೆಯ ಸಂಪುಟದಲ್ಲಿ (1904) ಸೊರಬದ ಶಾಸನಗಳನ್ನೂ ಅಚ್ಚು ಹಾಕಿಸಿದಾಗ, ತುರುಗಳನ್ನು ಮರಳಿಸಲು ಹೋಗಿ ಮಡಿದವರು, ಊರಳಿವಿನಲ್ಲಿ ಕಾದಿ ಬಿದ್ದವರು, ಒಡೆಯನಿಗಾಗಿ ತಲೆಗೊಟ್ಟವರು ಎಂಬೀ ಸಾಮಾನ್ಯರ ಹೆಸರುಗಳು ರಾಜಮಹಾರಾಜರ ಬಿರುದಾವಳಿಗಳ ಪಕ್ಕದಲ್ಲಿ ಸ್ಥಾನ ಪಡೆದವು. ಹಾಗೆ ಬಿದ್ದವನ ಮನೆಯವರಿಗೆ ‘ನೆತ್ತರುಗೊಡಗೆ’ಯೆಂದು ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯೂ ಇದ್ದಿತು.

ಬದುಕಿ ಬಂದ ಯೋಧನೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಕ್ರಿ. ಶ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗರ ಬೂತುಗನು ಊರನ್ನು ‘ಬಾಳ್ಗಚ್ಚು’ ಎಂಬ ಕೊಡುಗೆಯಾಗಿ ಕೊಟ್ಟನೆಂಬುದಕ್ಕೆ ಆತಕೂರಿನ ಶಾಸನವೇ ಸಾಕ್ಷಿ. (ಆ ಮಣಲೇರನು ತನಗೆ ಬೇಕೆಂದು ಬಾಯಿಬಿಟ್ಟು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು, ಶಾಸನದ ಕಲ್ಲು ನೆಟ್ಟದ್ದೂ ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಯ ನೆನಪಿಗೆ. ಅದು ಬೇರೆಯ ಕಥೆ.)

ಈ ಕಲ್ಲುಗಳಲ್ಲಿ ಕಾಣದಿರುವುದು ಒಂದೇ ಒಂದು ಪಟ್ಟಿಕೆ: ಕಾಳಗದಿಂದಲೋ ಕಾವಲಿನಿಂದಲೋ ಬದುಕಿ ಬಂದು, ಆದರೆ ಕಿವಿ ಮಂದವಾಗಿಯೋ, ಅಪಸ್ಮಾರ ಹಿಡಿದೋ, ಚಿತ್ತ ಕದಡಿಯೋ ಮನೆಯ ಜಗುಲಿಯ ಮೇಲೆ ಕುಳಿತವನ ಪಟ್ಟಿಕೆ. ಪ್ರತಿವರ್ಷ ಜುಲೈ 26ರಂದು ಕಾರ್ಗಿಲ್ ವಿಜಯ ದಿವಸ. ತಾಲ್ಲೂಕು ಕೇಂದ್ರಗಳಲ್ಲಿ ಹುತಾತ್ಮರ ಭಾವಚಿತ್ರಗಳಿಗೆ ಮಾಲೆ ಬೀಳುತ್ತದೆ, ಮಾಜಿ ಸೈನಿಕರು ಪದಕ ಧರಿಸಿ ಸಾಲಾಗಿ ನಿಲ್ಲುತ್ತಾರೆ. ಆ ಸಾಲಿನಲ್ಲಿ ನಿಂತವರಲ್ಲಿ ಕೆಲವರ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಡಿಸ್ಚಾರ್ಜ್ ಬುಕ್ಕಿನ ಜೊತೆಗೆ, ಮಡಿಕೆ ಹರಿದ ಒಂದು ಪತ್ರವಿರುತ್ತದೆ. ನಿಮ್ಮ ಕಾಯಿಲೆಯು ಸೈನಿಕ ಸೇವೆಯಿಂದ ಉಂಟಾದುದೂ ಅಲ್ಲ, ಅದರಿಂದ ಉಲ್ಬಣಿಸಿದುದೂ ಅಲ್ಲ, ಆದಕಾರಣ ಅಂಗವೈಕಲ್ಯ ಪಿಂಚಣಿಗೆ ನೀವು ಅರ್ಹರಲ್ಲ ಎಂಬುದು ಅದರ ತಾತ್ಪರ್ಯ.

ಎರಡು ಕದಗಳ ಮನೆ

1961ರ ಭೂಸೇನಾ ಪಿಂಚಣಿ ನಿಯಮಾವಳಿಯ 173ನೆಯ ನಿಯಮವು ಅಂಗವೈಕಲ್ಯ ಪಿಂಚಣಿಗೆ ಎರಡು ಷರತ್ತುಗಳನ್ನು ಒಡ್ಡಿತು: ವೈಕಲ್ಯವು ಶೇಕಡಾ 20ಕ್ಕೆ ಕಡಮೆಯಿರಕೂಡದು, ಮತ್ತು ಅದು ಸೇವೆಯಿಂದ ಉಂಟಾದುದೋ ಸೇವೆಯಿಂದ ಉಲ್ಬಣಿಸಿದುದೋ ಆಗಿರತಕ್ಕದ್ದು. ಮೊದಲನೆಯ ಕದ ತೆರೆದರೂ ಎರಡನೆಯದು ಮುಚ್ಚಿದ್ದರೆ ಒಳಗೆ ಪ್ರವೇಶವಿಲ್ಲ.

ಸೈನ್ಯವನ್ನು ಬಿಡುವ ಮುನ್ನ ಯೋಧನು ಮೆಡಿಕಲ್ ಬೋರ್ಡಿನ, ಎಂದರೆ ಸೇನಾ ವೈದ್ಯಮಂಡಳಿಯ, ಮುಂದೆ ನಿಲ್ಲುತ್ತಾನೆ. ಅವಧಿ ಮುಗಿದು ಹೊರಬೀಳುವವನಿಗೆ ‘ರಿಲೀಸ್’ ಮಂಡಳಿ. ರೋಗದ ದೆಸೆಯಿಂದ ಅವಧಿಗೆ ಮುನ್ನವೇ ಹೊರಹಾಕಲ್ಪಡುವವನಿಗೆ, ಎಂದರೆ ಬಾರಕ್ಕಿನ ಮಾತಿನಲ್ಲಿ ‘ಬೋರ್ಡ್ ಔಟ್’ ಆಗುವವನಿಗೆ, ‘ಇನ್‌ವ್ಯಾಲಿಡಿಂಗ್’ ಮಂಡಳಿ. ಮಂಡಳಿಯು ತುಂಬುವ ನಮೂನೆಯಲ್ಲಿ ರೋಗದ ಹೆಸರು, ಅದು ಮೊದಲು ಕಾಣಿಸಿಕೊಂಡ ಸ್ಥಳ, ದಿನಾಂಕ, ಶೇಕಡಾವಾರು ಪ್ರಮಾಣ ಇವೆಲ್ಲ ಇರುತ್ತವೆ. ಇವುಗಳ ನಡುವೆ, ಸೇವೆಗೂ ರೋಗಕ್ಕೂ ಸಂಬಂಧವುಂಟೇ, ಇಲ್ಲದಿದ್ದರೆ ಯಾವ ಕಾರಣದಿಂದ ಎಂದು ಕೇಳುವ ಕಾಲಮೊಂದಿರುತ್ತದೆ. ಎಷ್ಟೋ ಕಡತಗಳಲ್ಲಿ ಆ ಕಾಲಮಿನಲ್ಲಿ ಬರೆದಿರುವುದು ಮೂರು ನಾಲ್ಕು ಪದ: ‘ಪ್ರಕೃತಿಗತ ದೋಷ’, ಅಥವಾ ‘ಶಾಂತಿಪ್ರದೇಶದಲ್ಲಿ ಆರಂಭ’, ಅಥವಾ ‘ಸೇವೆಗೆ ಸಂಬಂಧಿಸಿದ್ದಲ್ಲ’. ಆ ಪದಗಳ ಮೇಲೆ ಒಂದು ಸಂಸಾರದ ಮುಂದಿನ ಮೂವತ್ತು ವರ್ಷಗಳ ವರಮಾನ ನಿಂತಿರುತ್ತದೆ.

ಒಂದು ಕಾಲದಲ್ಲಿ ಇದಕ್ಕಿಂತಲೂ ವಿಚಿತ್ರವಾದ ಪರಿಪಾಠವಿದ್ದಿತು. ವೈದ್ಯಮಂಡಳಿಯು ರೋಗಿಯನ್ನು ಕಣ್ಣಾರೆ ಕಂಡು, ಮುಟ್ಟಿ, ಪರೀಕ್ಷಿಸಿ ಗೊತ್ತುಮಾಡಿದ ಪ್ರಮಾಣವನ್ನು, ಅಲಹಾಬಾದಿನ ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಚೇರಿಯು ಆ ಮನುಷ್ಯನ ಮುಖವನ್ನೂ ನೋಡದೆ ಕಾಗದದ ಮೇಲೆಯೇ ಇಳಿಸಿಬಿಡುತ್ತಿತ್ತು. 1993ರ ಜನವರಿ 14ರಂದು ಸ್ಯಾಪರ್ ಮೊಹಿಂದರ್ ಸಿಂಗರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಇನ್ನೂ ಮೇಲಿನ ವೈದ್ಯಮಂಡಳಿಯೊಂದು ಸ್ವತಃ ಪರೀಕ್ಷಿಸಿದ ಹೊರತು ಲೆಕ್ಕಪತ್ರ ಇಲಾಖೆಯು ವೈದ್ಯರ ಅಭಿಪ್ರಾಯವನ್ನು ತಿದ್ದಲಾಗದೆಂದು ಹೇಳಿತು. ಈ ತೀರ್ಪಿನಿಂದ ವೈದ್ಯರ ಮಾತಿಗೆ ಬಲ ಬಂದಿತು. ಆದರೆ ಆ ವೈದ್ಯರ ಮಾತೇ ಕಾರಣಶೂನ್ಯವಾಗಿದ್ದರೆ ಏನು ಗತಿ ಎಂಬ ಪ್ರಶ್ನೆ ಉಳಿದುಕೊಂಡಿತು.

▪ ಕಡತದ ದಾರಿ

ಮೊದಲ ಮೇಲ್ಮನವಿ: ನಿರಾಕರಣೆಯ ಪತ್ರ ಬಂದ ಆರು ತಿಂಗಳೊಳಗೆ, ರೆಕಾರ್ಡ್ ಆಫೀಸಿನ ಮೂಲಕ, ಪ್ರಥಮ ಮೇಲ್ಮನವಿ ಸಮಿತಿಗೆ.

ಎರಡನೆಯದು: ಅಲ್ಲಿಯೂ ಸೋತರೆ ಮತ್ತೆ ಆರು ತಿಂಗಳೊಳಗೆ, ಪಿಂಚಣಿಯ ದ್ವಿತೀಯ ಮೇಲ್ಮನವಿ ಸಮಿತಿಗೆ.

ಮೂರನೆಯದು: 2007ರ ಕಾಯಿದೆಯಂತೆ ಸ್ಥಾಪಿತವಾಗಿ 2009ರ ಆಗಸ್ಟಿನಲ್ಲಿ ಆರಂಭಗೊಂಡ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅಂತಿಮ ಆದೇಶದಿಂದ ಆರು ತಿಂಗಳ ಗಡುವು. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಮಂಡಳಿಗುಂಟು. ಕರ್ನಾಟಕವು ಕೊಚ್ಚಿಯ ಪ್ರಾದೇಶಿಕ ಪೀಠಕ್ಕೆ ಸೇರಿದ್ದು.

ಅದರಾಚೆ: 2023ರ ಮಾರ್ಚ್ 21ರ ಪರಶೋತ್ತಮ್ ದಾಸ್ ತೀರ್ಪಿನ ಅನಂತರ, ನ್ಯಾಯಮಂಡಳಿಯ ಆದೇಶದ ವಿರುದ್ಧ ಉಚ್ಚ ನ್ಯಾಯಾಲಯದ ಬಾಗಿಲೂ ಮತ್ತೆ ತೆರೆದಿದೆ.

ಸಂಶಯದ ಲಾಭ ಯಾರಿಗೆ?

ನಿಯಮಗಳನ್ನು ಬರೆದವರು ನಿರ್ದಯರೇನೂ ಆಗಿರಲಿಲ್ಲ. 1982ರ ಅರ್ಹತಾ ನಿಯಮಗಳನ್ನು ಓದಿದರೆ ಅವುಗಳ ಔದಾರ್ಯಕ್ಕೆ ಆಶ್ಚರ್ಯವೇ ಆಗುತ್ತದೆ. ಸೈನ್ಯಕ್ಕೆ ಸೇರುವಾಗ ಯಾವ ದೋಷವನ್ನೂ ದಾಖಲಿಸದಿದ್ದ ಪಕ್ಷದಲ್ಲಿ ಆತನು ಆರೋಗ್ಯವಂತನಾಗಿದ್ದನೆಂದೇ ಭಾವಿಸತಕ್ಕದ್ದು; ಮುಂದೆ ಆರೋಗ್ಯದ ದೆಸೆಯಿಂದ ಹೊರಬಿದ್ದರೆ ಆ ಕೇಡು ಸೇವೆಯಿಂದಲೇ ಆಯಿತೆಂದು ಊಹಿಸತಕ್ಕದ್ದು; ಅರ್ಜಿದಾರನನ್ನು ರುಜುವಾತಿಗೆ ಕರೆಯಕೂಡದು; ಯುಕ್ತವಾದ ಸಂಶಯವೊಂದು ಉಳಿದರೆ ಅದರ ಲಾಭ ಆತನಿಗೇ ಸಲ್ಲತಕ್ಕದ್ದು. ಈ ರೋಗವನ್ನು ಭರ್ತಿಯ ಕಾಲದಲ್ಲಿ ಪತ್ತೆಹಚ್ಚಲು ಸಾಧ್ಯವಿರಲಿಲ್ಲವೆಂದು ವೈದ್ಯರು ಹೇಳುವುದಾದರೆ ಹೇಳಬಹುದು, ಆದರೆ ಕಾರಣಗಳನ್ನು ಬರೆದು ಹೇಳತಕ್ಕದ್ದು. ಈ ಕೊನೆಯ ಷರತ್ತೇ ಮುಂದೆ ಅನೇಕರ ಕೈಹಿಡಿಯಿತು.

ಈ ತತ್ತ್ವದ ಮೂಲ ಎರಡನೆಯ ಮಹಾಯುದ್ಧದ ಕಾಲದ ಇಂಗ್ಲೆಂಡಿನಲ್ಲಿದೆ. ಅಲ್ಲಿ 1943ರಲ್ಲಿ ಯುದ್ಧಪಿಂಚಣಿಯ ರುಜುವಾತಿನ ಹೊರೆಯನ್ನು ಸೈನಿಕನ ಹೆಗಲಿನಿಂದ ಇಳಿಸಿ ಸರಕಾರದ ಮೇಲೆ ಹೊರಿಸಿದರು. ಆ ಮೇಲ್ಮನವಿಗಳನ್ನು ಕೇಳುವ ಕೆಲಸ ಡೆನಿಂಗ್ ಎಂಬ ನ್ಯಾಯಾಧೀಶರ ಪಾಲಿಗೆ ಬಂದಿತು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ‘ಯುಕ್ತ ಸಂಶಯ’ವೆಂದರೇನೆಂದು ವಿವರಿಸಲು ನಮ್ಮ ವಕೀಲರು ಇಂದಿಗೂ ಉದ್ಧರಿಸುವ 1947ರ ಮಿಲ್ಲರ್ ಪ್ರಕರಣದ ತೀರ್ಪು, ವಾಸ್ತವವಾಗಿ ಕೊಲೆಯ ಕುರಿತದ್ದೂ ಅಲ್ಲ, ಕಳವಿನ ಕುರಿತದ್ದೂ ಅಲ್ಲ, ಅನ್ನನಾಳದ ಕ್ಯಾನ್ಸರಿನಿಂದ ಮಡಿದ ಸೈನ್ಯಾಧಿಕಾರಿಯೊಬ್ಬನ ವಿಧವೆ ಕೇಳಿದ ಪಿಂಚಣಿಯ ಕುರಿತದ್ದು. ಸೈನಿಕನ ವಿರುದ್ಧ ತೀರ್ಮಾನಿಸಬೇಕಾದರೆ ಸಾಕ್ಷ್ಯವು ಕ್ರಿಮಿನಲ್ ಮೊಕದ್ದಮೆಯಲ್ಲಿರುವಷ್ಟೇ ಬಲವಾಗಿರಬೇಕೆಂದ ಡೆನಿಂಗರು, ಅದೇ ಉಸಿರಿನಲ್ಲಿ, ದೂರದ ಬರಿಯ ಸಾಧ್ಯತೆಯೊಂದನ್ನು ತೋರಿಸಿದ ಮಾತ್ರಕ್ಕೆ ಅದು ಸಂಶಯವೆನಿಸದೆಂದೂ ಹೇಳಿದರು. ಆ ವಿಧವೆ ಸೋತಳು.

ಈ ಎರಡು ಮಾತುಗಳನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳದೆ ಮೇಲ್ಮನವಿಗೆ ಕೈಹಾಕಬಾರದು. ಸೈನಿಕನು ತನ್ನ ಪಕ್ಷವನ್ನು ಪೂರ್ತಿಯಾಗಿ ಸಿದ್ಧಪಡಿಸಬೇಕಾಗಿಲ್ಲ, ಸಂಶಯವನ್ನು ಹುಟ್ಟಿಸಿದರೆ ಸಾಕು. ಆದರೆ ಆ ಸಂಶಯಕ್ಕೆ ಒಡಲಿರಬೇಕು.

2013ರ ಜುಲೈ 2

ಧರ್ಮವೀರ್ ಸಿಂಗರು 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿ, ಅಪಸ್ಮಾರದ ಕಾರಣದಿಂದ ಶೇಕಡಾ 20ರ ವೈಕಲ್ಯದೊಡನೆ 1994ರ ಏಪ್ರಿಲಿನಲ್ಲಿ ಹೊರಬಿದ್ದವರು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ವೈದ್ಯಮಂಡಳಿ ಬರೆದಿತ್ತು. ಏಕೆ ಇಲ್ಲವೆಂದು ಬರೆದಿರಲಿಲ್ಲ. ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದಲ್ಲಿ ಗೆದ್ದು, ವಿಭಾಗೀಯ ಪೀಠದಲ್ಲಿ ಸೋತು, ಕೊನೆಗೆ ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು.

2013ರ ಜುಲೈ 2ರಂದು ನ್ಯಾಯಮೂರ್ತಿಗಳಾದ ಎ. ಕೆ. ಪಟ್ನಾಯಕ್ ಮತ್ತು ಸುಧಾಂಶು ಜ್ಯೋತಿ ಮುಖೋಪಾಧ್ಯಾಯರ ಪೀಠವು ಕೊಟ್ಟ ತೀರ್ಪು, ಅಂದಿನಿಂದ ಈ ಬಗೆಯ ಪ್ರತಿಯೊಂದು ಮೇಲ್ಮನವಿಗೂ ಆಧಾರಸ್ತಂಭವಾಗಿದೆ. ಭರ್ತಿಯ ಸಮಯದಲ್ಲಿ ರೋಗದ ಸುಳಿವನ್ನು ದಾಖಲಿಸಿಲ್ಲ. ಅದು ಪತ್ತೆಯಾಗಲು ಅಸಾಧ್ಯವಾಗಿತ್ತೆಂಬುದಕ್ಕೆ ಕಾರಣವನ್ನೂ ಕೊಟ್ಟಿಲ್ಲ. ಹೀಗಿರುವಲ್ಲಿ ನಿಯಮಗಳ ಊಹೆಯೇ ನಿಲ್ಲಬೇಕು, ಕಾರಣವಿಲ್ಲದ ಅಭಿಪ್ರಾಯವು ಆ ಊಹೆಯನ್ನು ಕೆಡವಲಾರದು ಎಂಬುದು ಅದರ ಸಾರ.

ಅದೇ ದಿನ ಸರ್ವೋಚ್ಚ ನ್ಯಾಯಾಲಯದ ಇನ್ನೊಂದು ಪೀಠವು ವೀರ್ ಪಾಲ್ ಸಿಂಗರ ಪ್ರಕರಣದಲ್ಲಿ, ಸ್ಕಿಜೋಫ್ರೇನಿಯವೆಂದು ಹೆಸರಿಟ್ಟು ಹೊರಹಾಕಿದ ಯೋಧನ ಕಡತವನ್ನು ತೆರೆದು ಓದಿ, ಮನೋವೈದ್ಯರ ಟಿಪ್ಪಣಿಯಲ್ಲಿ ಆಧಾರ ಸಾಲದೆಂದು ಕಂಡು, ಮರುಪರಿಶೀಲನಾ ವೈದ್ಯಮಂಡಳಿಗೆ ಆಜ್ಞಾಪಿಸಿತು. ತಜ್ಞರ ಅಭಿಪ್ರಾಯಕ್ಕೆ ನ್ಯಾಯಾಲಯವು ಗೌರವ ಕೊಡುತ್ತದೆ. ಆದರೆ ತಜ್ಞರೆಂಬ ಒಂದೇ ಕಾರಣಕ್ಕೆ ಕಣ್ಣುಮುಚ್ಚಿ ಒಪ್ಪುವುದಿಲ್ಲ.

ಮುಂದಿನ ತೀರ್ಪುಗಳನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. 2014ರ ಸುಖವಿಂದರ್ ಸಿಂಗ್ ಪ್ರಕರಣದಲ್ಲಿ, ರೋಗದ ಕಾರಣದಿಂದ ಹೊರಹಾಕಲ್ಪಟ್ಟವನ ವೈಕಲ್ಯವನ್ನು ಶೇಕಡಾ 20ಕ್ಕಿಂತ ಹೆಚ್ಚೆಂದೇ ಎಣಿಸಬೇಕೆಂದಾಯಿತು. ಸೈನ್ಯದಲ್ಲಿರಲು ಯೋಗ್ಯನಲ್ಲದಷ್ಟು ರೋಗಿ, ಆದರೆ ಪಿಂಚಣಿ ಕೇಳುವಷ್ಟು ರೋಗಿಯಲ್ಲ ಎಂಬ ವಿಪರೀತ ತರ್ಕಕ್ಕೆ ಅಲ್ಲಿಗೆ ತೆರೆ ಬಿದ್ದಿತು. 2015ರ ರಾಜಬೀರ್ ಸಿಂಗ್ ತೀರ್ಪು ಧರ್ಮವೀರರ ಮಾರ್ಗವನ್ನೇ ಹಿಡಿಯಿತು. 2025ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಜೇಂದರ್ ಸಿಂಗ್ ಮತ್ತು ರಾಜುಮೋನ್ ಎಂಬ ಮಾಜಿ ಯೋಧರ ಪ್ರಕರಣಗಳಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ವೈದ್ಯಮಂಡಳಿಯ ಕಾರಣ ಎಲ್ಲಿ ಎಂದೇ ಕೇಳಿತು.

ಹಾಗೆಂದು ಎಲ್ಲರೂ ಗೆದ್ದರೆಂದು ಭಾವಿಸಬಾರದು. 2009ರ ದಾಮೋದರನ್ ಪ್ರಕರಣದಲ್ಲಿ ಮಂಡಳಿಯ ಅಭಿಪ್ರಾಯಕ್ಕೇ ಪ್ರಾಧಾನ್ಯವೆಂದ ನ್ಯಾಯಾಲಯವೂ ಇದೇ. 2019ರಲ್ಲಿ ನರಸಿಂಗ್ ಯಾದವರನ್ನು, ಮನೋರೋಗಗಳಲ್ಲಿ ಕೆಲವು ಭರ್ತಿಯ ವೇಳೆ ಪತ್ತೆಯಾಗಲಾರವೆಂಬ ಕಾರಣವನ್ನು ಒಪ್ಪಿ, ಬರಿಗೈಯಲ್ಲಿ ಕಳುಹಿಸಿದ ನ್ಯಾಯಾಲಯವೂ ಇದೇ. ಗೆದ್ದವರ ಮತ್ತು ಸೋತವರ ಕಡತಗಳ ನಡುವಣ ಅಂತರವು ಬಹುಮಟ್ಟಿಗೆ ರೋಗದ ಹೆಸರಿನಲ್ಲಿಲ್ಲ. ಸಂಬಂಧವಿಲ್ಲವೆಂಬ ಮಾತಿಗೆ ಕಾರಣವನ್ನು ತೋರಿಸಿದ್ದರೇ ಎಂಬುದರಲ್ಲಿದೆ.

‘ಏನಂತ ಬರೀಲಿ?’

ಇನ್ನು ಮೇಲ್ಮನವಿಯ ಜೊತೆಗೆ ಲಗತ್ತಿಸುವ ವೈದ್ಯಾಭಿಪ್ರಾಯದ ವಿಚಾರ. ಸೊರಬದ ಕಡೆಯ ಹಳ್ಳಿಯೊಂದರಿಂದ ಫಿರಂಗಿದಳಕ್ಕೆ ಸೇರಿ, ಇಪ್ಪತ್ತು ವರ್ಷ ತೋಪುಗಳ ಪಕ್ಕದಲ್ಲಿ ನಿಂತು, ಕಿವಿ ಮಂದವಾಗಿ ಮನೆಗೆ ಬಂದ ಹವಾಲ್ದಾರನೊಬ್ಬನನ್ನು ವಾಚಕರು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಲಿ. ಪಿಂಚಣಿ ನಿರಾಕರಣೆಯಾಗಿದೆ. ಆತನು ಪರಿಚಯದ ವೈದ್ಯರ ಬಳಿ ಹೋಗುತ್ತಾನೆ.

“ಡಾಕ್ಟ್ರೇ, ಮಿಲಿಟರಿಯೋರಿಗೆ ಕಳ್ಸೋಕೆ ಒಂದು ಸರ್ಟಿಫಿಕೇಟ್ ಬೇಕಾಗಿತ್ತು.”

“ಏನಂತ ಬರೀಲಿ?”

“ಕಿವಿ ಕೇಳ್ಸೋದಿಲ್ಲ ಅಂತ.”

ವೈದ್ಯರು ದಯಾಳುಗಳು, ತಮ್ಮ ಚೀಟಿಯ ಮೇಲೆ, ಇವರ ಎರಡೂ ಕಿವಿಗಳಲ್ಲಿ ಶ್ರವಣದೋಷವಿದೆ, ಇದು ಸೈನ್ಯದಲ್ಲಿದ್ದಾಗ ಆಗಿರಬಹುದು ಎಂದು ಬರೆದು, ಮೊಹರು ಒತ್ತಿ, ಶುಲ್ಕವನ್ನೂ ತೆಗೆದುಕೊಳ್ಳದೆ ಕೊಡುತ್ತಾರೆ. ಆ ಚೀಟಿ ಕಡತದಲ್ಲಿ ಸೇರಿ ಅಲ್ಲಿಯೇ ಹಳದಿಯಾಗುತ್ತದೆ. ಕಿವಿ ಕೇಳಿಸದೆಂಬುದು ಎಂದೂ ವಿವಾದದ ವಿಷಯವಾಗಿರಲಿಲ್ಲ. ‘ಆಗಿರಬಹುದು’ ಎಂಬ ಮಾತೋ, ಡೆನಿಂಗರು ಎಪ್ಪತ್ತೈದು ವರ್ಷಗಳಿಗೂ ಹಿಂದೆಯೇ ತಳ್ಳಿಹಾಕಿದ ಬರಿಯ ಸಾಧ್ಯತೆ. ಮಂಡಳಿಯದು ಕಾರಣವಿಲ್ಲದ ‘ಇಲ್ಲ’. ಇದು ಕಾರಣವಿಲ್ಲದ ‘ಇರಬಹುದು’. ಎರಡನ್ನೂ ತಕ್ಕಡಿಗೆ ಹಾಕಿದರೆ ಸೇನೆಯ ಮೊಹರು ಇರುವ ಕಡೆಗೇ ತೂಕ.

ಅದೇ ಹವಾಲ್ದಾರನು ಕಿವಿ, ಮೂಗು, ಗಂಟಲಿನ ತಜ್ಞರ ಬಳಿಗೆ, ಬರಿಗೈಯಲ್ಲಲ್ಲದೆ, ಭರ್ತಿಯ ವೈದ್ಯಕೀಯ ಪತ್ರ, ಪೋಸ್ಟಿಂಗುಗಳ ವಿವರ, ಸೇವಾಕಾಲದ ಆಡಿಯೊಗ್ರಾಮುಗಳು, ವೈದ್ಯಮಂಡಳಿಯ ನಡವಳಿ ಇವೆಲ್ಲವನ್ನೂ ಹಿಡಿದು ಹೋದನೆನ್ನೋಣ. ತಜ್ಞರು ಮೊದಲು ಭರ್ತಿಯ ಪತ್ರವನ್ನು ನೋಡುತ್ತಾರೆ: 610 ಸೆಂಟಿಮೀಟರು ದೂರದ ಪಿಸುಮಾತು ಎರಡೂ ಕಿವಿಗೆ ಕೇಳಿಸಿದೆ. ಹನ್ನೆರಡನೆಯ ವರ್ಷದಲ್ಲಿ, ಸೈನ್ಯವು ಯೋಧರ ಆರೋಗ್ಯವನ್ನು ಅಳೆಯುವ ‘ಶೇಪ್’ ವರ್ಗೀಕರಣದಲ್ಲಿ ಶ್ರವಣವನ್ನು ಸೂಚಿಸುವ ‘ಎಚ್’ ಅಂಶವು ಕೆಳದರ್ಜೆಗೆ ಇಳಿದಿದೆ. ಸೈನಿಕರ ಮಾತಿನಲ್ಲಿ ಹೇಳುವುದಾದರೆ ಆತನು ‘ಕೆಟಗರಿ’ ಆಗಿದ್ದಾನೆ.

ಆಮೇಲೆ ಆಡಿಯೊಗ್ರಾಮು. ಎಡದಿಂದ ಬಲಕ್ಕೆ ತಗ್ಗಿನ ಸ್ವರದಿಂದ ಎತ್ತರದ ಸ್ವರ. ಮೇಲಿನಿಂದ ಕೆಳಕ್ಕೆ ನಷ್ಟದ ಪ್ರಮಾಣ. ವಯಸ್ಸಿನಿಂದ ಮಂದವಾದ ಕಿವಿಯ ಗೆರೆಯು ಬಲಕ್ಕೆ ಹೋದಂತೆ ಮೆಲ್ಲಮೆಲ್ಲನೆ ಇಳಿಯುತ್ತಲೇ ಹೋಗುತ್ತದೆ. ಸಿಡಿತದ ಸದ್ದಿನಿಂದ ಕೆಟ್ಟ ಕಿವಿಯ ಗೆರೆ ಹಾಗಲ್ಲ: ಸಮನಾಗಿ ಬರುತ್ತಿದ್ದದ್ದು 3000ದಿಂದ 6000 ಹರ್ಟ್ಸ್‌ಗಳ ನಡುವೆ, ಸಾಮಾನ್ಯವಾಗಿ 4000ದ ಬಳಿ, ಹಠಾತ್ತಾಗಿ ಹೊಂಡಕ್ಕೆ ಬಿದ್ದು, 8000ದ ವೇಳೆಗೆ ಮತ್ತೆ ಮೇಲಕ್ಕೇಳುತ್ತದೆ. ಆ ಹೊಂಡವೇ ಸಾಕ್ಷಿ. ವಯಸ್ಸಾದಂತೆ ಬಲಗಡೆಯ ಗೆರೆಯೂ ಕುಸಿದು ಹೊಂಡವು ಮಸುಕಾಗುವುದರಿಂದ, ಸೇವೆಯಲ್ಲಿದ್ದಾಗಲೇ ತೆಗೆದ ಹಳೆಯ ಪತ್ರಕ್ಕೆ ಇಂದಿನ ಪತ್ರಕ್ಕಿಂತ ಬೆಲೆ ಹೆಚ್ಚು.

ತಜ್ಞರು ಈಗ ಬರೆಯುವ ಅಭಿಪ್ರಾಯವು ಒಂದು ಹಾಳೆಯನ್ನು ಮೀರಬೇಕಾಗಿಲ್ಲ. ಯಾವ ಯಾವ ದಾಖಲೆಗಳನ್ನು ಓದಿದೆನೆಂದು ಮೊದಲು ಹೇಳಿ, ರೋಗನಿರ್ಣಯವನ್ನು ಕೊಟ್ಟು, ಭರ್ತಿಯಲ್ಲಿ ಶ್ರವಣ ಸರಿಯಿದ್ದುದನ್ನೂ, ಫಿರಂಗಿದಳದ ಸೇವೆಯ ವರ್ಷಗಳನ್ನೂ, ಗೆರೆಯ ಆಕಾರವನ್ನೂ ಒಂದಕ್ಕೊಂದು ಪೋಣಿಸಿ, ಈ ನಷ್ಟಕ್ಕೆ ಸೇವೆಯ ಸದ್ದೇ ಹೆಚ್ಚು ಸಂಭಾವ್ಯವಾದ ಕಾರಣವೆಂಬ ನಿರ್ಣಯಕ್ಕೆ ಬಂದು, ಎದುರುಪಕ್ಷದವರು ಎತ್ತಬಹುದಾದ ಪ್ರಶ್ನೆಗೂ (ನಿವೃತ್ತಿಯ ಮೇಲೆ ಅಕ್ಕಿಗಿರಣಿಯಲ್ಲಿ ದುಡಿದನೇ? ಬಾಲ್ಯದಲ್ಲಿ ಕಿವಿ ಸೋರುತ್ತಿತ್ತೇ?) ತಾವಾಗಿಯೇ ಉತ್ತರ ಕೊಟ್ಟು, ಹೆಸರು, ಪದವಿ, ನೋಂದಣಿ ಸಂಖ್ಯೆಗಳೊಡನೆ ರುಜು ಹಾಕಿದರೆ, ಆ ಹಾಳೆಗೆ ಒಡಲು ಬಂದಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆದರೂ ನಷ್ಟವಿಲ್ಲ. ಎಲ್ಲವನ್ನೂ ಸೇವೆಯ ತಲೆಗೆ ಕಟ್ಟುವ ವಕೀಲಿಯ ಧಾಟಿಯೇ ಅಭಿಪ್ರಾಯಕ್ಕೆ ಶತ್ರು.

ಇಷ್ಟಾದರೂ ಹೊರಗಿನ ವೈದ್ಯರ ಹಾಳೆಯು ಸೇನಾ ವೈದ್ಯಮಂಡಳಿಯನ್ನು ನೇರವಾಗಿ ಉರುಳಿಸುತ್ತದೆಂದು ನಿರೀಕ್ಷಿಸಬಾರದು. ನಮ್ಮ ನ್ಯಾಯಮಂಡಳಿಗಳು ಖಾಸಗಿ ಪ್ರಮಾಣಪತ್ರವನ್ನು ಮಂಡಳಿಯ ಸರಿಸಮಕ್ಕೆ ಕೂರಿಸುವುದು ಅಪೂರ್ವ. ಆ ಹಾಳೆಯ ಪ್ರಯೋಜನ ಬೇರೆ: ಮಂಡಳಿಯು ಕಾರಣ ಬರೆಯದೆ ಬಿಟ್ಟ ಕಾಲಮಿನ ಪಕ್ಕದಲ್ಲಿ, ಬರೆಯಬಹುದಾಗಿದ್ದ ಕಾರಣ ಇದು, ಇದನ್ನು ಮಂಡಳಿ ಪರಿಶೀಲಿಸಿಯೇ ಇಲ್ಲ ಎಂದು ಬೆರಳಿಟ್ಟು ತೋರಿಸುವುದು. ಅದರ ಬಲದ ಮೇಲೆ ಮರುಪರಿಶೀಲನಾ ಮಂಡಳಿಯನ್ನು ಬೇಡಬಹುದು. ಸಂಶಯದ ಲಾಭವನ್ನೂ ಬೇಡಬಹುದು.

▪ ಅಮೆರಿಕದಲ್ಲಿ

ಅಲ್ಲಿ ಇಂಥ ಹಾಳೆಗೆ ‘ನೆಕ್ಸಸ್ ಲೆಟರ್’ ಎಂದು ಹೆಸರು. ಸೇವೆಯಿಂದ ಆಗಿರುವ ಮತ್ತು ಆಗದಿರುವ ಸಂಭವಗಳು ಸಮಸಮವಾಗಿದ್ದರೂ ಸೈನಿಕನ ಪರವಾಗಿಯೇ ತೀರ್ಮಾನ. 2017ರ ಕಾನೂನು 2019ರ ಫೆಬ್ರವರಿ 19ರಿಂದ ಜಾರಿಗೆ ಬಂದಮೇಲೆ, ಅರ್ಜಿ ನಿರಾಕೃತವಾದವನಿಗೆ ಒಂದು ವರ್ಷದೊಳಗೆ ಮೂರು ದಾರಿ: ಹೊಸ ಸಾಕ್ಷ್ಯದೊಡನೆ ಪೂರಕ ಅರ್ಜಿ, ಹಿರಿಯ ಅಧಿಕಾರಿಯಿಂದ ಪುನರ್ವಿಮರ್ಶೆ, ಅಥವಾ ಮೇಲ್ಮನವಿ ಮಂಡಳಿ. ವೈದ್ಯರು ಕಡತ ಓದಿದರೆಂಬುದಕ್ಕಿಂತ ಅವರ ತರ್ಕಕ್ಕೇ ತೂಕವೆಂದು ಅಲ್ಲಿಯ ಮಾಜಿ ಸೈನಿಕರ ನ್ಯಾಯಾಲಯ 2008ರಲ್ಲಿ ನೀವ್ಸ್-ರಾಡ್ರಿಗಸ್ ಪ್ರಕರಣದಲ್ಲಿ ಹೇಳಿತು.

ರಕ್ತದೊತ್ತಡಕ್ಕೆ ಹೊಂಡವಿಲ್ಲ

ಕಿವಿಯ ದೃಷ್ಟಾಂತ ಸುಲಭವಾದದ್ದು. ರಕ್ತದೊತ್ತಡ, ಮಧುಮೇಹ, ಮನೋರೋಗಗಳಲ್ಲಿ ಅಂಥ ಹೊಂಡವೊಂದು ಕಾಗದದ ಮೇಲೆ ಕಾಣಸಿಗುವುದಿಲ್ಲ. ಇದೇ ಕಾಯಿಲೆ ಶಿಕಾರಿಪುರದ ಅಂಗಡಿಯವರಿಗೂ ಬರುತ್ತದಲ್ಲವೇ ಎಂದು ಸರಕಾರದ ವಕೀಲರು ಕೇಳಿದರೆ ಆ ಪ್ರಶ್ನೆಯನ್ನು ಅನ್ಯಾಯವೆನ್ನಲಾಗದು. ಇಂಥಲ್ಲಿ ಮಂಡಳಿಗಳು ಬಹುಕಾಲದಿಂದ ಹಿಡಿದ ಊರುಗೋಲು ಒಂದೇ: ರೋಗವು ‘ಪೀಸ್ ಸ್ಟೇಷನ್’ನಲ್ಲಿ ಆರಂಭವಾಯಿತು, ಆದ್ದರಿಂದ ಸೇವೆಯದಲ್ಲ.

2025ರ ಮಾರ್ಚ್ 27ರಂದು ದೆಹಲಿ ಉಚ್ಚ ನ್ಯಾಯಾಲಯವು ಗವಸ್ ಅನಿಲ್ ಮಾಡ್ಸೊ ಎಂಬ ನಿವೃತ್ತ ಸುಬೇದಾರರ ಮಧುಮೇಹದ ಪ್ರಕರಣದಲ್ಲಿ, ಶಾಂತಿಪ್ರದೇಶದಲ್ಲಿ ಕಾಣಿಸಿಕೊಂಡಿತೆಂಬುದಷ್ಟೇ ಕಾರಣವಾಗಲಾರದು, ಸೇವೆಯಲ್ಲದಿದ್ದರೆ ಮತ್ತೇನು ಕಾರಣವೆಂದು ಮಂಡಳಿ ವಿವರಿಸಬೇಕೆಂದು ಹೇಳಿತು. ಸರಿಯಾದ ಮಾತೆಂದೇ ನನ್ನ ಅಭಿಪ್ರಾಯ. ಮುಂಚೂಣಿಯ ಹಿಮದಿಂದ ಇಳಿದು ಬಂದು ಆರು ತಿಂಗಳಾದ ಮೇಲೆ ಪುಣೆಯಲ್ಲಿ ಅಳೆದ ರಕ್ತದೊತ್ತಡವು ಪುಣೆಯಲ್ಲಿಯೇ ಹುಟ್ಟಿತೆನ್ನುವುದು, ಮಳೆಯಲ್ಲಿ ನೆನೆದವನಿಗೆ ಮನೆಯೊಳಗೆ ಬಂದಮೇಲೆ ಸೀನು ಬಂದದ್ದಕ್ಕೆ ಮನೆಯನ್ನು ದೂರಿದಂತೆ. ಇಂಥ ರೋಗಗಳಲ್ಲಿ ವೈದ್ಯಾಭಿಪ್ರಾಯದ ಶ್ರಮವೆಲ್ಲ ಕಾಲಾನುಕ್ರಮದ ಕಡೆಗೆ ತಿರುಗಬೇಕು: ಯಾವ ವರ್ಷ ಯಾವ ಎತ್ತರದಲ್ಲಿ, ಯಾವ ಕಾರ್ಯಾಚರಣೆಯಲ್ಲಿ ಇದ್ದನು, ಮೊದಲ ಅಸಹಜ ಅಳತೆ ಯಾವಾಗಿನದು, ಮನೆತನದಲ್ಲಿ ಈ ರೋಗವುಂಟೇ, ತೂಕ, ತಂಬಾಕು, ಮದ್ಯಗಳ ಕುರಿತು ದಾಖಲೆ ಏನೆನ್ನುತ್ತದೆ. ಪ್ರತಿಕೂಲವಾದುದನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ಅದು ಸೇನೆಯ ಕಡತದಲ್ಲಿ ಹೇಗೂ ಇರುತ್ತದೆ.

ಇನ್ನೊಂದು ಎಚ್ಚರಿಕೆ. 1982ರ ನಿಯಮಗಳು 2008ರಲ್ಲಿ ಪರಿಷ್ಕೃತವಾದವು. 2023ರ ಸೆಪ್ಟೆಂಬರ್ 21ರಿಂದ ಹೊರಬೀಳುವವರಿಗೆ ಹೊಸ ನಿಯಮಾವಳಿಯೇ ಬಂದಿದೆ. ಸೇವಾವಧಿ ಪೂರೈಸಿ ನಿವೃತ್ತರಾಗುವವರ ಪರಿಹಾರಕ್ಕೆ ಅದು ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಬೇರೆ ಹೆಸರನ್ನಿಟ್ಟಿದೆ. ದುರುಪಯೋಗವನ್ನು ತಡೆಯುವುದು ಇದರ ಉದ್ದೇಶವೆಂದು ಸೇನೆಯ ವಿವರಣೆ. ನಿಜವಾದ ಅರ್ಜಿದಾರನ ದಾರಿಯೂ ಇದರಿಂದ ಇಕ್ಕಟ್ಟಾಯಿತೆಂಬುದು ಮಾಜಿ ಸೈನಿಕರ ಆಕ್ಷೇಪ. ತನಗೆ ಅನ್ವಯಿಸುವ ನಿಯಮ ಯಾವ ವರ್ಷದ್ದೆಂಬುದನ್ನು ಡಿಸ್ಚಾರ್ಜ್ ಬುಕ್ಕಿನ ದಿನಾಂಕ ನೋಡಿ ಮೊದಲು ನಿಶ್ಚಯಿಸಿಕೊಳ್ಳದೆ ಬರೆದ ಮೇಲ್ಮನವಿ ಅರ್ಧಕ್ಕೇ ಮುಗ್ಗರಿಸುತ್ತದೆ.

▪ ಲೆಕ್ಕ ಎಷ್ಟು?

ಶೇಕಡಾ 100 ವೈಕಲ್ಯಕ್ಕೆ ಕೊನೆಯ ವೇತನದ ಶೇಕಡಾ 30. ವೈಕಲ್ಯ ಕಡಮೆಯಾದಂತೆ ಅದೇ ಪ್ರಮಾಣದಲ್ಲಿ ಕಡಮೆ. ಕೊನೆಯ ವೇತನ 40,000 ರೂಪಾಯಿ ಇದ್ದವನಿಗೆ ಶೇಕಡಾ 20ಕ್ಕೆ 2,400 ರೂಪಾಯಿ. ಆದರೆ ಶೇಕಡಾ 50ಕ್ಕಿಂತ ಕಡಮೆಯಿದ್ದುದನ್ನು 50 ಎಂದೇ ಎಣಿಸುವ ಪದ್ಧತಿ 1996ರ ಜನವರಿ 1ರಿಂದ ಇರುವುದರಿಂದ ಅದು 6,000 ರೂಪಾಯಿ, ಮೇಲೆ ತುಟ್ಟಿಭತ್ಯೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಈ ಲಾಭ ಸಲ್ಲಬೇಕೆಂದು 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪು.

ಶಿವಮೊಗ್ಗದ ಬಸ್ಸು, ಕೊಚ್ಚಿಯ ಪೀಠ

ಕಾನೂನು ಇಷ್ಟು ಅನುಕೂಲವಾಗಿರುವಾಗ ಪತ್ರಗಳು ಪೆಟ್ಟಿಗೆಯಲ್ಲಿಯೇ ಏಕೆ ಉಳಿಯುತ್ತವೆ? ಶಿಕಾರಿಪುರದಿಂದ ಜಿಲ್ಲಾ ಕೇಂದ್ರ ಐವತ್ತು ಕಿಲೋಮೀಟರು, ಸೊರಬದಿಂದ ಇನ್ನೂ ದೂರ. ನ್ಯಾಯಮಂಡಳಿಯೋ ಘಟ್ಟದ ಕೆಳಗೆ ಕೊಚ್ಚಿಯಲ್ಲಿ. ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಜಮೀನಿನ ವ್ಯಾಜ್ಯಗಳಲ್ಲಿ ನುರಿತ ತಾಲ್ಲೂಕಿನ ವಕೀಲರಿಗೆ ವೈದ್ಯಮಂಡಳಿಯ ನಮೂನೆ ಅಪರಿಚಿತ. ಇದಕ್ಕೆಲ್ಲ ಮಿಗಿಲಾದ ಅಡ್ಡಿ ಸಂಕೋಚ: ದೇಶಕ್ಕಾಗಿ ದುಡಿದವನು ದುಡ್ಡಿಗಾಗಿ ಸರಕಾರದ ಮೇಲೆ ಕೇಸು ಹಾಕುವುದೇ ಎಂಬ ಭಾವನೆ ಹಳೆಯ ತಲೆಮಾರಿನವರಲ್ಲಿ ಆಳವಾಗಿದೆ. ಮನೋರೋಗದವರಲ್ಲಂತೂ ಊರವರಿಗೆ ತಿಳಿದೀತೆಂಬ ಭಯವೇ ಮುಖ್ಯ.

ಈ ಅಡ್ಡಿಗಳಲ್ಲಿ ಒಂದೆರಡು ಈಚೆಗೆ ಸಡಿಲಾಗಿವೆ. 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿವಸದಂದೇ, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ಶ್ರೀನಗರದಲ್ಲಿ ‘ವೀರ ಪರಿವಾರ ಸಹಾಯತಾ ಯೋಜನೆ’ಯನ್ನು ಆರಂಭಿಸಿತು, ಸೈನಿಕ ಕಲ್ಯಾಣ ಕಚೇರಿಗಳಲ್ಲಿಯೇ ಕಾನೂನು ನೆರವಿನ ಕೇಂದ್ರಗಳನ್ನು ತೆರೆಯುವುದು ಅದರ ಉದ್ದೇಶ. ಶಿವಮೊಗ್ಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ, ಶಿಕಾರಿಪುರ, ಸೊರಬಗಳ ನ್ಯಾಯಾಲಯಗಳಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿ ಇವುಗಳಿಂದ ಕೆಲಸ ತೊಡಗಬಹುದು. ತಜ್ಞರ ಪರೀಕ್ಷೆಗೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆ ಇದ್ದೇ ಇದೆ. ದಾಖಲೆಗಳನ್ನು ತರಿಸಿಕೊಳ್ಳಲು ಮಾಹಿತಿ ಹಕ್ಕಿನ ಕಾಯಿದೆಯಂತೆ ರೆಕಾರ್ಡ್ ಆಫೀಸಿಗೆ ಹತ್ತು ರೂಪಾಯಿಯ ಅರ್ಜಿ. ಉತ್ತರಕ್ಕೆ ಮೂವತ್ತು ದಿನಗಳ ಗಡುವು.

ತಡಮಾಡಿದವನ ಬಾಗಿಲು ಮುಚ್ಚಿಹೋಗುವುದಿಲ್ಲ, ಆದರೆ ತಡಕ್ಕೆ ಬೆಲೆ ತೆರಬೇಕಾಗುತ್ತದೆ. ಪಿಂಚಣಿಯ ನಿರಾಕರಣೆಯು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವಾದ್ದರಿಂದ ಎಷ್ಟು ವರ್ಷಗಳಾದ ಮೇಲೂ ಕೇಳಬಹುದೆಂದು 2008ರ ತರ್ಸೆಮ್ ಸಿಂಗ್ ತೀರ್ಪು ಹೇಳಿತಾದರೂ, ಹಿಂದಿನ ಬಾಕಿಯನ್ನು ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷಗಳಿಗೆ ಸೀಮಿತಗೊಳಿಸಿತು. ತಿಂಗಳಿಗೆ 6,000 ರೂಪಾಯಿಗೆ ಅರ್ಹನಾಗಿದ್ದು ಹತ್ತು ವರ್ಷ ಸುಮ್ಮನೆ ಕುಳಿತ ಹವಾಲ್ದಾರನು ಇಂದು ಗೆದ್ದರೆ, ತುಟ್ಟಿಭತ್ಯೆಯನ್ನು ಬದಿಗಿಟ್ಟು ಎಣಿಸಿದರೂ, ಆತನ ಕೈಸೇರುವ ಬಾಕಿ 2,16,000 ರೂಪಾಯಿ. ಕೈತಪ್ಪಿ ಹೋದದ್ದು 5,04,000.